ಪಾರವ್ವನ ‘ಹೋಗಿ ಬಾ’

ಹಿಂದೆ, ಬಲು ಹಿಂದೆ, ಕಂಪ್ಯೂಟರಿನ ಪರದೆಯಲ್ಲಿ ಚಿತ್ರ ಬಣ್ಣ ಏನೂ ಇಲ್ಲದೆ ಬರೀ ಬಿಳಿ ಅಕ್ಷರ ಓಡಾಡುತ್ತಿದ್ದ ಕಾಲದಲ್ಲಿ, ಒಂದು ಊರಿತ್ತು. ಊರಿಗೊಂದು ದೊಡ್ಡ ಕೆರೆ. ಕೆರೆಯ ಏರಿಯ ಕೆಳಗೆ ತಗ್ಗಿನೋಣಿ ಎಂಬ ಕೇರಿ. ಏರಿಯ ಮೇಲಿನ ಕೋಣೆಯಲ್ಲಿ ಕೋಡಿಯ ಗೇಟು ಎತ್ತುವ ಕಂಪ್ಯೂಟರು, ಅದರ ಮುಂದೆ ಪಾರವ್ವ.

ಅವಳು ಒಳಗೆ ಕಾಲಿಟ್ಟರೆ ಯಂತ್ರ ನೆಟ್ಟಗೆ ಕೂರುತ್ತಿತ್ತಂತೆ. ನಗಬೇಡಿ, ನನಗೆ ಹೇಳಿದವರು ನಗಲಿಲ್ಲ. ಒಂದು ಕಮಾಂಡ್ ಬಡಿದು “ಒಳಗ ಯಾರ್ಯಾರು ಅದೀರಿ?” ಅಂದರೆ, ಓಡುತ್ತಿರುವ ಪ್ರೋಗ್ರಾಮುಗಳೆಲ್ಲ ಪರದೆಯ ಮೇಲೆ ಸಾಲುಗಟ್ಟುತ್ತಿದ್ದವಂತೆ. ಇನ್ನೊಂದು ಬಡಿದು “ಹೆಚ್ಚು ಜಾಗ ಹಿಡಿದವರು ಮುಂದ ಬರ್ರಿ” ಅಂದರೆ ದೊಡ್ಡವು ಮುಂದೆ, ಸಣ್ಣವು ಹಿಂದೆ.

ಆ ಸಾಲಿನಲ್ಲಿ ಅವಳ ಹರಕೆಯದೂ ಒಂದಿತ್ತು. ಮಗಳು ಚೆಂಬವ್ವನಿಗೆ ಸುಸೂತ್ರ ಹೆರಿಗೆಯಾಗಲಿ ಎಂದು, ಏರಿಯ ಸ್ಪೀಕರಿನಲ್ಲಿ ಹಗಲೆಲ್ಲ ಕೆರೆಯವ್ವನ ಹಾಡು ಬರುವಂತೆ ಪ್ರೋಗ್ರಾಮು ಕೂರಿಸಿದ್ದಳು. ಮಂಗಗಳು ಸ್ಪೀಕರಿನ ವೈರು ಕಿತ್ತವು. ಹಾಡು ಹೊರಗೆ ಕೇಳದಾಯಿತು. ಆದರೆ ದೇವಿಯ ಹಾಡು ನಿಲ್ಲಿಸುವ ಪಾಪ ಯಾರಿಗೆ ಬೇಕು? ಪಾರವ್ವನೂ ಕೈ ಹಚ್ಚಲಿಲ್ಲ. ಸ್ಪೀಕರು ಓಗೊಡದಿದ್ದರೂ ಪ್ರೋಗ್ರಾಮು ಒಳಗೊಳಗೇ ಬಿಡುವಿಲ್ಲದೆ ಅದನ್ನು ಕರೆಯುತ್ತಲೇ ಉಳಿಯಿತು.

ಆಮೇಲೆ ಬಂತು ನೋಡಿ ಆ ಮಳೆ. ಕೆರೆ ಏರಿಯ ಅಂಚಿಗೆ ಬಂತಂತೆ. ತಗ್ಗಿನೋಣಿಯಲ್ಲಿ ಚೆಂಬವ್ವ ಹಸಿ ಬಾಣಂತಿ, ಪಕ್ಕದಲ್ಲಿ ಕೂಸು. ಗೇಟು ಎತ್ತಲು ಪಾರವ್ವ ಕಮಾಂಡ್ ಕೊಟ್ಟಳು. ಯಂತ್ರ ಮಿಸುಕಲಿಲ್ಲ.

ಜೊತೆಗಾರ ದ್ಯಾಮಣ್ಣ ಯಂತ್ರವನ್ನೇ ಆರಿಸಿ ಹಚ್ಚೋಣ ಅಂದ. ಅದು ಮತ್ತೆ ಏಳುವಷ್ಟರಲ್ಲಿ ಏರಿ ಒಡೆದಿರುತ್ತದೆ ಅಂದಳು ಪಾರವ್ವ. ಸಾಲು ಕರೆದಳು. ಎಲ್ಲಕ್ಕಿಂತ ದೊಡ್ಡದು ಮುಂದೆ ನಿಂತಿತು. ಇದನ್ನ ತೆಗೆ, ಇದೇ ಎಲ್ಲಾ ನುಂಗಿದೆ ಎಂದು ದ್ಯಾಮಣ್ಣ ಕೂಗಿದ.

“ತಡಿಯೋ ಮಾರಾಯಾ, ಅದು ಗೇಟಿಂದು. ಅದನ್ನ ಕಳಿಸಿದ್ರ ಗೇಟು ಎತ್ತೋರು ಯಾರು?”

ಮತ್ತೆ ಬಡಿದಳು. ಈ ಸಲ ಹೆಚ್ಚು ಜಾಗ ಹಿಡಿದವರನ್ನಲ್ಲ, ಯಂತ್ರವನ್ನು ಹೆಚ್ಚು ದುಡಿಸಿಕೊಳ್ಳುತ್ತಿರುವವರನ್ನು ಕರೆದಳು. ಮುಂದೆ ಬಂದದ್ದು ಕೆರೆಯವ್ವನ ಹಾಡು. ಅದು ಉಳಿದವರಿಗೆ ಉಸಿರಾಡಲೂ ಬಿಟ್ಟಿರಲಿಲ್ಲ.

ದ್ಯಾಮಣ್ಣ ಕೈ ಮುಗಿದು ಹಿಂದೆ ಸರಿದ. ಹಾಡು ನಿಲ್ಲಿಸುವ ಗುಂಡಿಯ ಮೇಲೆ ಪಾರವ್ವ ಬೆರಳಿಟ್ಟಳಂತೆ. ಮಗಳಿಗಾಗಿ ಹೊತ್ತ ಹರಕೆ, ಮಗಳಿಗಾಗಿಯೇ ಮುರಿಯಬೇಕು. ಆದರೂ ನಮ್ಮ ಕಡೆ ಹೊಸ್ತಿಲು ದಾಟುವವರಿಗೆ ಬರೀ ಹೋಗು ಅಂತ ಯಾರಾದರೂ ಅನ್ನುತ್ತಾರೆಯೇ? ಅವಳೂ ಅನ್ನಲಿಲ್ಲ.

“ಹೋಗಿ ಬಾ ತಾಯಿ” ಅಂದಳು. ಗುಂಡಿ ಒತ್ತಿದಳು.

ಗೇಟು ಎದ್ದ ಸದ್ದು ಏಳೂರಿಗೆ ಕೇಳಿಸಿತಂತೆ. ನೀರು ಕೋಡಿ ಹರಿದು ಹಳ್ಳ ಸೇರಿತು. ಏರಿ ನಿಂತಿತು. ಕೂಸಿಗೆ ಮಾತ್ರ ಆ ಸದ್ದಿಗೂ ಎಚ್ಚರವಾಗಲಿಲ್ಲವಂತೆ, ಅಷ್ಟು ಹಾಯಾಗಿ ಮಲಗಿತ್ತು.

ಮಾರನೆಯ ಬೆಳಿಗ್ಗೆ ಪಾರವ್ವ ಸೀರೆ ಕಚ್ಚೆ ಹಾಕಿ ಸ್ಪೀಕರಿನ ಕಂಬ ಹತ್ತಿದಳು. ಬಾ ಅಂದ ಮೇಲೆ ಕರೆಯಬೇಕಲ್ಲ ಎಂದು ವೈರು ಜೋಡಿಸಿದಳು, ಹಾಡನ್ನು ಮತ್ತೆ ಹಚ್ಚಿದಳು. ಕೇಳಿ ಚೆಂಬವ್ವ ಬಾಣಂತಿ ಕೋಣೆಯಲ್ಲೇ ಅತ್ತಳಂತೆ.

ಈಗ ಅಲ್ಲಿ ಹೊಸ ಯಂತ್ರವಿದೆ. ಗೇಟು ಎತ್ತಲು ಹಾಡು ನಿಲ್ಲಿಸುವ ಅಗತ್ಯವೇ ಇಲ್ಲ. ಆದರೂ ಕೋಣೆಯವರು ಮೊದಲು ಸಾಲು ಕರೆದು ನೋಡುತ್ತಾರೆ, “ಹೋಗಿ ಬಾ ತಾಯಿ” ಅನ್ನುತ್ತಾರೆ, ಹಾಡು ನಿಲ್ಲಿಸುತ್ತಾರೆ. ಹಾಡು ನಡುವೆ ನಿಂತರೆ, ಕೋಡಿಯ ನೀರು ಬರುತ್ತದೆಂದು ತಗ್ಗಿನೋಣಿಯವರು ಹಳ್ಳದಿಂದ ಎಮ್ಮೆ ಹೊಡೆದುಕೊಂಡು ಬರುತ್ತಾರೆ. ಬಂದು ಏರಿಯ ಕಡೆ ಮುಖ ಮಾಡಿ, ಮಕ್ಕಳು ಮುದುಕರು ಎಲ್ಲ ಸೇರಿ ಕೆರೆಯವ್ವನಿಗೆ ಅನ್ನುತ್ತಾರೆ, “ಲಗೂನ ಬಾರವ್ವಾ.”