ಯಂತ್ರದೊಳಗಿನ ಯಂತ್ರ

"ಅಜ್ಜಾರೇ, ಪ್ರಯೋಗ ಮಾಡುವಾಗ ಒಂದು ಹಾನಿಯಾದರೆ ಅದು ಪ್ರಯೋಗ ಮಾಡಿದವನ ತಪ್ಪೇ, ಅಥವಾ ಪ್ರಯೋಗಕ್ಕೆ ತಂದ ವಸ್ತುವಿನ ತಪ್ಪೇ?"

ಮಠದ ಪಡಸಾಲೆಯಲ್ಲಿ ಕೂತು ಹೀಗೆ ಕೇಳಿದವನು ಪಂಪಣ್ಣ. ನೇಕಾರರ ಆ ಊರಿನಲ್ಲಿ ಸೀರೆಯ ದಡಿಗಳನ್ನು, ಅಂದರೆ ಅಂಚಿನ ನಮೂನೆಗಳನ್ನು, ಕಂಪ್ಯೂಟರಿನಲ್ಲಿ ಬಿಡಿಸಿಕೊಡುವುದು ಅವನ ಕಸುಬು. ಮಠದ ಗುರುಗಳನ್ನು ಊರಿನವರೆಲ್ಲ ಅಜ್ಜಾರು ಎಂದು ಕರೆಯುತ್ತಿದ್ದರು. ಅವರ ಪಾದ ಮುಟ್ಟಿ ಹೋಗಲು ಸೋಮವಾರ ಸೋಮವಾರ ಬರುತ್ತಿದ್ದ ಪಂಪಣ್ಣ ಈ ಸಲ ಗುರುವಾರವೇ ಬಂದಿದ್ದ.

"ಯಾರು ಮಾಡಿದ ಪ್ರಯೋಗ?" ಎಂದರು ಅಜ್ಜಾರು.

"ನನಗೆ ಗೊತ್ತಿರುವ ಒಬ್ಬನು."

"ಗೊತ್ತಿರುವವನು. ಆಗಲಿ. ಏನು ಮಾಡಿದ, ನನಗೆ ತಿಳಿಯುವ ಹಾಗೆ ಹೇಳು. ಇಂಗ್ಲಿಷಿನಲ್ಲಿ ಗಡಗಡ ಅಂದುಬಿಡಬೇಡ."

ಪಂಪಣ್ಣ ನೆಲ ನೋಡುತ್ತಾ ಹೇಳಿದ. ಒಂದು ಹೊಸ ಸಾಫ್ಟ್‌ವೇರ್ ಬರುವುದಿತ್ತು. ಇನ್ನೂ ಬಿಡುಗಡೆಯಾಗಿರಲಿಲ್ಲ. ಬೇಕಾದವರು ಮೊದಲೇ ತರಿಸಿಕೊಂಡು ನೋಡಬಹುದು, ಆದರೆ ದಿನದ ಕೆಲಸ ಮಾಡುವ ಕಂಪ್ಯೂಟರಿನಲ್ಲಿ ಹಾಕಬೇಡಿ ಎಂದು ಕಂಪನಿಯವರೇ ಎಚ್ಚರಿಸಿದ್ದರು. ಅದಕ್ಕೆ ಆ ಮನುಷ್ಯ ತನ್ನ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಕಟ್ಟಿದ. ವರ್ಚುವಲ್ ಮಷಿನ್ ಎನ್ನುತ್ತಾರೆ. ಕೈಯಿಂದ ಮುಟ್ಟುವಂಥದ್ದಲ್ಲ. ತಾನೊಂದು ಬೇರೆಯೇ ಯಂತ್ರ ಎಂದು ಅದು ತಿಳಿದುಕೊಂಡಿರುತ್ತದೆ. ಒಳಗಿನದು ಏನಾದರೂ ಕೆಟ್ಟರೆ ಹೊರಗಿನದಕ್ಕೆ ಗೊತ್ತೂ ಆಗುವುದಿಲ್ಲ. ಇದ್ದ ಸ್ಥಿತಿಯನ್ನು ಮೊದಲೇ ಹಿಡಿದಿಟ್ಟುಕೊಂಡಿದ್ದರೆ, ಕೆಟ್ಟಾಗ ಒಂದು ಗುಂಡಿ ಒತ್ತಿದರೆ ಸಾಕು, ಏನೂ ಆಗದಿದ್ದ ಹಾಗೆ ಹಿಂದಕ್ಕೆ ಹೋಗುತ್ತದೆ.

"ಭಲೇ! ಅಂಥದ್ದೊಂದು ಮನುಷ್ಯರಿಗೂ ಇದ್ದಿದ್ದರೆ ನಾನು ಮಠ ಮುಚ್ಚಿಬಿಡುತ್ತಿದ್ದೆ," ಎಂದರು ಅಜ್ಜಾರು. "ಆಮೇಲೆ?"

"ಒಳಗಿನ ಯಂತ್ರಕ್ಕೂ ಹೊರಗಿನದಕ್ಕೂ ನಡುವೆ ಅವನು ಒಂದು ಕಿಟಕಿ ತೆರೆದಿಟ್ಟಿದ್ದ, ಅಜ್ಜಾರೇ. ಹೊರಗಿನ ಫೈಲುಗಳು ಒಳಗೆ ಕಾಣಲಿ ಎಂದು. ಹೊಸ ಸಾಫ್ಟ್‌ವೇರ್ ಆ ಕಿಟಕಿಯಿಂದ ಕೈಹಾಕಿ ಹೊರಗಿನದನ್ನೂ ಕೆಡಿಸಿತು. ಕೆಟ್ಟದ್ದು ಸಾಫ್ಟ್‌ವೇರ್ ಅಲ್ಲವೇ? ಅವನು ಎಚ್ಚರಿಕೆಯಿಂದಲೇ ಇದ್ದ."

"ಇಷ್ಟೇನಾ?"

"ಇಷ್ಟೇ."

ಅಜ್ಜಾರು, "ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ," ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಇಬ್ಬರು ನೇಕಾರರಿದ್ದರು, ಅಣ್ಣ ತಮ್ಮ. ಇಬ್ಬರಿಗೂ ಸೇರಿ ಒಂದೇ ಮಗ್ಗ. ಅವರ ಮನೆತನಕ್ಕೆ ಒಂದು ದಡಿ ಇತ್ತು. ಬೇರೆ ಯಾರ ಮಗ್ಗದಲ್ಲೂ ಅದು ಬರುತ್ತಿರಲಿಲ್ಲ. ಕಾಗದದ ಮೇಲೆ ಬರೆದದ್ದಲ್ಲ, ಬಾಯಲ್ಲಿ ಇದ್ದದ್ದು. ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು, ಎಲ್ಲಿ ಬಣ್ಣ ಬದಲಿಸಬೇಕು ಎಂದು ಅಣ್ಣ ಮಗ್ಗದ ಪಕ್ಕ ಕೂತು ಹೇಳುತ್ತಿದ್ದ, ತಮ್ಮ ನೇಯುತ್ತಿದ್ದ. ಹೇಳುವವನಿಗೆ ನೇಯುವ ಕೆಲಸವಿಲ್ಲ, ನೇಯುವವನಿಗೆ ನೆನಪಿಡುವ ಕೆಲಸವಿಲ್ಲ. ಹಾಗೆಯೇ ಇಬ್ಬರಿಗೂ ತಲೆ ಹಣ್ಣಾಯಿತು. ಆ ದಡಿ ತಮ್ಮನ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಅಣ್ಣ ಹೇಳದಿದ್ದರೆ ಅವನ ಕೈ ಓಡುತ್ತಿರಲಿಲ್ಲ.

ಅಣ್ಣ ಕಾಯಿಲೆ ಬಿದ್ದ. ಇವನು ಹೋದರೆ ದಡಿಯೂ ಹೋಗುತ್ತದೆ ಎಂದು ತಮ್ಮನಿಗೆ ಭಯವಾಯಿತು. ಅಣ್ಣನನ್ನು ಕೈಹಿಡಿದು ಒಬ್ಬ ಡಿಸೈನಿನವನ ಅಂಗಡಿಗೆ ಕರೆದುಕೊಂಡು ಹೋದ. ಮಳೆಗಾಲ ಪೂರ್ತಿ ಮೂವರೂ ಕೂತರು. ಅಣ್ಣ ಹೇಳುವುದು, ಡಿಸೈನಿನವನು ಬಿಡಿಸುವುದು, ತಮ್ಮ ನೋಡಿ ಹೌದು ಅಥವಾ ಅಲ್ಲ ಎನ್ನುವುದು. ಆ ಡಿಸೈನಿನವನು ಒಳ್ಳೆಯ ಮನುಷ್ಯ. ಇದನ್ನು ನೆನಪಿಟ್ಟುಕೋ ಪಂಪಣ್ಣ, ಕತೆ ಮುಂದೆ ಎಲ್ಲಿಗಾದರೂ ಹೋಗಲಿ, ಅವನು ಒಳ್ಳೆಯವನು. ಅಣ್ಣನಿಗೆ ಕೆಮ್ಮು ಬಂದರೆ ಬಿಸಿನೀರು ತರಿಸಿಕೊಡುತ್ತಿದ್ದ. ಬಿಡಿಸಿದ್ದನ್ನು ಅಳಿಸು ಎಂದರೆ ಅಳಿಸುತ್ತಿದ್ದ, ಮುಖ ಗಂಟು ಹಾಕಲಿಲ್ಲ. ದಡಿ ಮುಗಿದ ದಿನ ಅಣ್ಣ ಪರದೆಯ ಮೇಲೆ ಬೆರಳಾಡಿಸಿ, "ಇನ್ನ ನಾ ಹೋದರೂ ಚಿಂತಿಲ್ಲ ನೋಡ್ರಿ," ಎಂದ. ಪುಣ್ಯಾತ್ಮ, ಹೇಳಿದ ಹಾಗೆಯೇ ಹೋಗಿಬಿಟ್ಟ.

ಹೋಗುವ ಮುಂಚೆ ತಮ್ಮನ ಹತ್ತಿರ ಒಂದು ಮಾತು ತೆಗೆದುಕೊಂಡಿದ್ದ. ತನ್ನ ಮಗಳ ಮದುವೆಗೆ ಇದೇ ದಡಿಯ ಸೀರೆ ನೇಯಬೇಕು. ತಮ್ಮ ಕೈಮೇಲೆ ಕೈ ಇಟ್ಟು ಮಾತು ಕೊಟ್ಟಿದ್ದ.

ಮದುವೆ ಗೊತ್ತಾಯಿತು. ತಮ್ಮ ಒಂದು ಪೆನ್‌ಡ್ರೈವ್ ಕೊಂಡುಕೊಂಡು ಅಂಗಡಿಗೆ ಹೋದ. ಅದಕ್ಕೆ ಹಾಗೆನ್ನುತ್ತಾರೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ, ಯಾರೋ ಹೇಳಿದ್ದರು. "ಅಣ್ಣನ ದಡಿ ಇದರಾಗ ಒಂದು ಹಾಕಿ ಕೊಡ್ರಿ, ಮನ್ಯಾಗ ದೇವರ ಮುಂದ ಇಟ್ಟುಕೊಂತೀನಿ," ಎಂದ. ಡಿಸೈನಿನವನು ಆಗಲಿ ಎಂದ. ಇಸಿದುಕೊಂಡು ಮೇಜಿನ ಮೇಲೆ ಇಟ್ಟ. ಅದು ಅಲ್ಲೇ ಕೂತಿತು. ಅವನ ಮನಸ್ಸೆಲ್ಲ ಆಗ ಹೊಸ ಸಾಫ್ಟ್‌ವೇರಿನ ಮೇಲಿತ್ತು.

ಅವನು ಯಂತ್ರದೊಳಗೆ ಯಂತ್ರ ಕಟ್ಟಿದ. ಕಟ್ಟಿದ್ದರಲ್ಲಿ ಕುಂದಿಲ್ಲ. ನಿನಗೆ ಗೊತ್ತಿರುವವನ ಹಾಗೆಯೇ ಬಹಳ ಹುಷಾರಿ. ಅದರೊಳಗೆ ಸಾಫ್ಟ್‌ವೇರ್ ಕೊಟ್ಟ ಮಾದರಿ ಹೂವು, ಮಾದರಿ ಬಳ್ಳಿ ಎಲ್ಲ ಹಾಕಿ ನೋಡಿದ. ಚೆನ್ನಾಗಿಯೇ ಬಂತು. ಆದರೆ ಮಾದರಿ ಹೂವು ನೋಡಿ ಯಾರಿಗೆ ತೃಪ್ತಿಯಾಗುತ್ತದೆ? ನಿಜವಾದ ದಡಿ ಇದರಲ್ಲಿ ಹೇಗೆ ಕಾಣುತ್ತದೆ ಎಂದು ಆಸೆಯಾಯಿತು. ಅವನ ಹತ್ತಿರ ಇದ್ದವುಗಳಲ್ಲೆಲ್ಲ ಚಂದದ್ದು ಯಾವುದು? ಅದೇ. ಅದರ ಪ್ರತಿ ಒಂದನ್ನು ಮಾಡಿ ಒಳಗೆ ಒಯ್ದಿದ್ದರೆ ಮುಗಿಯುತ್ತಿತ್ತು. ಪ್ರತಿ ಮಾಡಲು ಸ್ವಲ್ಪ ಕೆಲಸ, ಕಿಟಕಿ ತೆರೆಯಲು ಅದಕ್ಕಿಂತ ಸ್ವಲ್ಪ ಕಡಿಮೆ ಕೆಲಸ. ತೆರೆದ.

ಸಾಫ್ಟ್‌ವೇರ್ ಕಿಟಕಿಯಲ್ಲಿ ಕಂಡ ಫೈಲುಗಳನ್ನೆಲ್ಲ ತನ್ನ ರೀತಿಗೆ ಬದಲಿಸಲು ಹೊರಟು ನಡುವೆಯೇ ನಿಂತುಹೋಯಿತು. ಅವನು ನಕ್ಕ. ಇದಕ್ಕೇ ಅಲ್ಲವೇ ಬೇರೆ ಯಂತ್ರ ಕಟ್ಟಿದ್ದು ಎಂದುಕೊಂಡು ಹಿಂದಕ್ಕೆ ಹೋಗುವ ಗುಂಡಿ ಒತ್ತಿದ. ಒಳಗಿನ ಯಂತ್ರ ಮೊದಲಿನ ಹಾಗೆ ಸುಖವಾಗಿ ಎದ್ದು ಕೂತಿತು. ಕಿಟಕಿಯ ಹೊರಗೆ ನೋಡುತ್ತಾನೆ, ಎಲ್ಲ ಬರಿದು. ಬೇರೆಯವರ ದಡಿಗಳೆಲ್ಲ ಅವರವರ ಮಗ್ಗದಲ್ಲಿ ಆಗಲೇ ಏರಿದ್ದವು, ಅವರ ಹತ್ತಿರದಿಂದ ಮತ್ತೆ ತೆಗೆದುಕೊಳ್ಳಬಹುದಿತ್ತು. ಇದೊಂದು ಮಾತ್ರ ಎಲ್ಲೂ ಇರಲಿಲ್ಲ. ಹಳೆಯ ಸೀರೆ ನೋಡಿ ಬಿಡಿಸೋಣವೆಂದರೆ, ನೇಯ್ದದ್ದನ್ನೆಲ್ಲ ಮಾರಿ ಉಣ್ಣುವವರ ಮನೆಯಲ್ಲಿ ಒಂದು ಸೀರೆಯೂ ಉಳಿದಿರಲಿಲ್ಲ.

ಇಲ್ಲಿಯವರೆಗೆ ನೀನು ಕೇಳಿದ ಪ್ರಶ್ನೆಗೆ ಬೆಲೆ ಇದೆ. ತಪ್ಪು ಅವನದೋ ಸಾಫ್ಟ್‌ವೇರಿನದೋ ಎಂದು ವಾದ ಮಾಡಬಹುದು. ಮೈಗಳ್ಳತನ ಅವನದು, ಕೆಡಿಸಿದ್ದು ಅದು. ಇಬ್ಬರಿಗೂ ಪಾಲು ಹಾಕಬಹುದು. ಇಲ್ಲಿಂದ ಮುಂದೆ ಆಗುವುದಿಲ್ಲ.

ತಮ್ಮ ಬಂದ. ಬಾಗಿಲಲ್ಲಿ ಅವನನ್ನು ಕಂಡ ಕೂಡಲೇ ಡಿಸೈನಿನವನ ಬಾಯಿಗೆ ನಿಜ ಬರಲಿಲ್ಲ. ಮೇಜಿನ ಮೇಲೆ ಪೆನ್‌ಡ್ರೈವ್ ಕಂಡಿತು. ಅದನ್ನು ಎತ್ತಿ ತೋರಿಸಿ, "ಇದರಾಗ ವೈರಸ್ ಇತ್ತು, ನಿಮ್ಮ ದಡಿ ತಿಂದು ಹಾಕೇತಿ," ಎಂದ.

"ಅಜ್ಜಾರೇ," ಎಂದ ಪಂಪಣ್ಣ. ಅವನ ಮುಖ ಸಣ್ಣದಾಗಿತ್ತು. "ನಾನು ಹೇಳಿದ್ದರಲ್ಲಿ ಅವನು ಸುಳ್ಳು ಹೇಳಿದ ವಿಷಯವೇ ಇರಲಿಲ್ಲವಲ್ಲ."

"ಇರಲಿಲ್ಲ. ಕತೆ ನನ್ನದು. ಬಾಯಿ ಹಾಕಬೇಡ ಎಂದೆನೋ ಇಲ್ಲವೋ?"

ಪಂಪಣ್ಣ ತಲೆ ತಗ್ಗಿಸಿದ. ಅಜ್ಜಾರು ಮುಂದುವರಿಸಿದರು.

ಆ ನೇಕಾರ ಕೂಗಾಡಿದ್ದರೆ ಡಿಸೈನಿನವನು ಬದುಕಿಕೊಳ್ಳುತ್ತಿದ್ದ. ಇವನೂ ಕೂಗಾಡಿ ಮನೆಗೆ ಹೋಗಿ ಉಂಡು ಮಲಗುತ್ತಿದ್ದ. ನೇಕಾರ ಕೂಗಾಡಲಿಲ್ಲ. ಹೊಸ್ತಿಲ ಹೊರಗೆ ಒಂದು ಹೆಜ್ಜೆ ಹಿಂದೆ ಸರಿದು ನಿಂತ. "ನಾ ತಂದಿದ್ದರಾಗ ರೋಗ ಇತ್ತೇನ್ರಿ? ನನಗ ಗೊತ್ತಾಗಲಿಲ್ರಿ. ನಿಮ್ಮ ಮಷಿನ್ನಿಗೂ ಧಕ್ಕಿ ಆತೇನು?" ಎಂದು ಕೇಳಿದ.

ಆಗಲಾದರೂ ಇಲ್ಲ ಎನ್ನಬಹುದಿತ್ತು. "ಸ್ವಲ್ಪ ಆತು," ಎಂದ ಡಿಸೈನಿನವನು.

ನೇಕಾರ ಕೈಮುಗಿದ. "ತಪ್ಪಾತ್ರಿ. ಹೊಟ್ಟ್ಯಾಗ ಹಾಕ್ಕೋರಿ," ಎಂದು ಹೇಳಿ ಹೋದ. ತನ್ನ ಅಣ್ಣನನ್ನು ಎರಡನೆಯ ಸಲ ಕಳೆದುಕೊಂಡವನು, ಕಳೆದವನ ಮುಂದೆ ಕೈಮುಗಿದು ಹೋದ. ಮರುವಾರ ಅವನ ಹೆಂಡತಿ ಡಿಸೈನಿನವನ ಮನೆಗೆ ಬಂದು, ಅಲ್ಲಿಯ ಮನೆಯಾಕೆಯ ಉಡಿಗೆ ಒಂದು ಕುಪ್ಪಸದ ಖಣ ಹಾಕಿ, ನಮ್ಮವರಿಂದ ನಿಮಗೆ ತ್ರಾಸಾಯಿತಂತೆ ಎಂದು ಹೇಳಿ ಹೋದಳು. ಆ ಹೆಣ್ಣುಮಗಳಿಗೆ ಏನೂ ಗೊತ್ತಿಲ್ಲ. ಕುಪ್ಪಸ ಹೊಲಿಸಿ ತೊಟ್ಟುಕೊಂಡಳು. ಗಂಡ ಅವಳನ್ನು ನೋಡಿದಾಗಲೆಲ್ಲ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದ.

ಇನ್ನು ಅವನ ನಾಚಿಕೆಯ ವಿಷಯ. ಅವನಿಗೆ ನಾಚಿಕೆಯಾಯಿತು, ಇಲ್ಲವೆನ್ನುವುದಿಲ್ಲ. ಉಂಡದ್ದು ಮೈಗೆ ಹತ್ತಲಿಲ್ಲ. ಹೋಗಿ ನಿಜ ಹೇಳಿಬಿಡಬೇಕು ಎಂದು ದಿನಾ ಅಂದುಕೊಂಡ. ಸ್ನಾನ ಮಾಡುವಾಗ ಹೇಳಿ ನೋಡಿದ. ಅಂಗಡಿಯ ಬಾಗಿಲು ತೆಗೆಯುವಾಗ ಹೇಳಿ ನೋಡಿದ. ಮನಸ್ಸಿನೊಳಗೇ ನೇಕಾರನ ಮನೆ ಕಟ್ಟಿಕೊಂಡ, ನೇಕಾರನನ್ನೂ ಕೂರಿಸಿದ. ಇವನು ನಿಜ ಹೇಳುತ್ತಾನೆ, ಅವನು ಬೈಯುತ್ತಾನೆ. ಬೈದರೆ ಇವನಿಗೆ ತಡೆಯಲಾಗುವುದಿಲ್ಲ, ಅಳಿಸಿ ಮೊದಲಿನಿಂದ ಶುರು. ಅವನು ಅಳುತ್ತಾನೆ. ಅದೂ ಬೇಡ, ಮತ್ತೆ ಮೊದಲಿನಿಂದ. ಕೊನೆಗೆ ಅವನು, ಇರಲಿ ಬಿಡ್ರಿ ಎನ್ನುತ್ತಾನೆ. ಆಗ ಇವನಿಗೆ ಮೈ ಹಗುರಾಗುತ್ತದೆ. ಹಗುರಾದ ಮೇಲೆ ಇವತ್ತೇ ಹೋಗುವ ಅವಸರ ಎಲ್ಲಿಯದು? ನಾಳೆ ಹೋದರಾಯಿತು.

ಇತ್ತ ನೇಕಾರನ ಮನೆಯಲ್ಲಿ ಮಗ್ಗ ಸುಮ್ಮನೆ ನಿಂತಿದೆ. ಮದುವೆ ಹತ್ತಿರ ಬರುತ್ತಿದೆ. ಅಣ್ಣನ ಮಗಳು, ಕಾಕಾ, ಸೀರೆಗೆ ಯಾವಾಗ ಕೂಡುತ್ತೀ ಎಂದು ಕೇಳುತ್ತಾಳೆ. ಅವನು ನೂಲು ಬಂದಿಲ್ಲ ಎನ್ನುತ್ತಾನೆ. ನಾನು ಕೊಂಡ ಒಂದು ಹಾಳು ಕಡ್ಡಿಯಿಂದ ನಿಮ್ಮಪ್ಪನ ದಡಿ ಹೋಯಿತು ಎಂದು ಆ ಮಗುವಿಗೆ ಹೇಗೆ ಹೇಳಿಯಾನು? ಎಂದೂ ಸುಳ್ಳು ಹೇಳದವನ ಬಾಯಲ್ಲಿ ಇವನ ಸುಳ್ಳು ಹೋಗಿ ಕೂತಿತು.

ಈಗ ನೋಡು ಪಂಪಣ್ಣ. ಆ ದಡಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದವರು ಈ ಭೂಮಿಯ ಮೇಲೆ ಇಬ್ಬರೇ ಉಳಿದಿದ್ದಾರೆ. ಒಬ್ಬನ ಕೈಗೆ ಗೊತ್ತು. ಇನ್ನೊಬ್ಬ ಮಳೆಗಾಲ ಪೂರ್ತಿ ಕೂತು ಒಂದೊಂದು ಎಳೆಯನ್ನೂ ಕೇಳಿ ಬಿಡಿಸಿದವನು. ಒಂದು ಕಡೆ ಕೂತರೆ, ಇಲ್ಲ ಹೀಗಿತ್ತು, ಅಲ್ಲ ಹಾಗಿತ್ತು ಎಂದು ಜಗಳವಾಡಿಯಾದರೂ ಅರ್ಧವನ್ನಾದರೂ ಹಿಂದಕ್ಕೆ ತಂದಾರು. ಆದರೆ ಕೂಡುವುದು ಹೇಗೆ? ಡಿಸೈನಿನವನು ನೇಕಾರನನ್ನು ಕಂಡರೆ ಓಣಿ ಬದಲಿಸುತ್ತಾನೆ. ನೇಕಾರನೂ ಅವನನ್ನು ಕಂಡರೆ ಓಣಿ ಬದಲಿಸುತ್ತಾನೆ. ಇಬ್ಬರಿಗೂ ನಾಚಿಕೆ. ಡಿಸೈನಿನವನ ನಾಚಿಕೆ ಅವನದೇ. ನೇಕಾರನ ನಾಚಿಕೆಯೂ ಡಿಸೈನಿನವನದೇ, ನೇಕಾರ ಹೊರುತ್ತಿದ್ದಾನೆ ಅಷ್ಟೆ.

ಅಜ್ಜಾರು ಕತೆ ನಿಲ್ಲಿಸಿದರು. ಪಂಪಣ್ಣ ಮೇಲೆ ನೋಡಲಿಲ್ಲ. ಅಂಗೈಯಿಂದ ಮುಖ ಒರೆಸಿಕೊಂಡ. ಕಿವಿಯವರೆಗೆ ಕೆಂಪಾಗಿತ್ತು.

"ಆಮೇಲೆ ಏನಾಯಿತು, ಅಜ್ಜಾರೇ?"

"ಕತೆ ಇನ್ನೂ ಅಲ್ಲಿಯವರೆಗೆ ಬಂದಿಲ್ಲ."

ಪಂಪಣ್ಣ ಏಳಲು ಹೋಗಿ ಮತ್ತೆ ಕೂತ. ಎದ್ದು ಹೋಗಲೂ ಅವನಿಂದ ಆಗಲಿಲ್ಲ. ಕೊನೆಗೆ, ಕೇಳಿಸಿಯೂ ಕೇಳಿಸದ ಹಾಗೆ ಕೇಳಿದ.

"ಅವನು ಹೋಗಿ ಹೇಳಿದರೆ, ಆ ನೇಕಾರ ಕ್ಷಮಿಸಿಯಾನೇ?"

ಅಜ್ಜಾರು ಹೇಳಿದರು: "ನಿನ್ನೆ ಬಂದಿದ್ದ ಆ ನೇಕಾರ, ತಾನು ನಿನ್ನ ಯಂತ್ರ ಕೆಡಿಸಿದ್ದಕ್ಕೆ ನೀನು ತನ್ನನ್ನು ಕ್ಷಮಿಸುತ್ತೀಯಾ ಎಂದು ಕೇಳಿ ಹೋದ."