ಬಾಣಗೊಂದಿಯ ಉಗುಳುಗಲ್ಲು

ಬಾಣಗೊಂದಿಯಲ್ಲಿ ಬಸ್ಸಿಳಿದು ಕೋಟೆಯ ಕಡೆ ಹೊರಟವರಿಗೆ ಮೊದಲು ಕಾಣುವುದು ಹಾಳುಬಿದ್ದ ಹೆಬ್ಬಾಗಿಲಲ್ಲ, ಅದರ ಎದುರಿಗೆ ನಿಂತಿರುವ ಎದೆಯೆತ್ತರದ ಒಂದು ಕಲ್ಲು. ಅದರ ಮೂಲ ಬಣ್ಣ ಬೂದು ಎಂದರೆ ಇಂದು ಯಾರೂ ನಂಬಲಾರರು. ಬುಡದಿಂದ ನೆತ್ತಿಯವರೆಗೆ ಕೆಂಪು, ಒಣಗಿ ಕಂದಾದ ಕೆಂಪು, ಅದರ ಮೇಲೆ ಇವತ್ತಿನ ಹಸಿ ಕೆಂಪು, ಅದರ ಮೇಲೆ ನೊಣ. ಇದಕ್ಕೆ ಉಗುಳುಗಲ್ಲು ಎಂದು ಹೆಸರು. ಕೋಟೆ ನೋಡಲು ಬಂದವರು ಇದಕ್ಕೊಮ್ಮೆ ಉಗುಳಿ ಮುಂದೆ ಹೋದರೆ ಕೆಟ್ಟ ದೃಷ್ಟಿ ತಾಗುವುದಿಲ್ಲ ಎನ್ನುತ್ತಾರೆ. ಎಲೆಅಡಿಕೆ ತರದೆ ಬಂದವರು ಪೇಚಾಡಬಾರದೆಂದು ಪಕ್ಕದಲ್ಲೇ ಒಂದು ಬೀಡಾ ಅಂಗಡಿಯೂ ಇದೆ. ಹೊಸದಾಗಿ ಮದುವೆಯಾದ ಜೋಡಿಗಳು ಒಟ್ಟಿಗೆ ನಿಂತು ಉಗುಳಿ ಫೋಟೋ ತೆಗೆಸಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. 'ಇಲ್ಲಿ ಉಗುಳಬಾರದು' ಎಂದು ಪಂಚಾಯಿತಿಯವರು ನೆಟ್ಟ ಫಲಕದ ಮೇಲೂ ಯಾರೋ ಗುರಿಯಿಟ್ಟು ಉಗುಳಿ ಕೊನೆಯ ಅಕ್ಷರಗಳನ್ನು ಮುಚ್ಚಿದ್ದಾರೆ. ಕೋಟೆ ತೋರಿಸುವ ಹುಡುಗರನ್ನು ಕೇಳಿದರೆ, ಇಲ್ಲೊಬ್ಬ ರಕ್ಕಸಿಯಿದ್ದಳು, ಊರವರು ಉಗಿದು ಉಗಿದೇ ಅವಳನ್ನು ಕಲ್ಲು ಮಾಡಿದರು ಎಂದು ಹೇಳಿ ನಗುತ್ತಾರೆ. ಕಲ್ಲಿನ ಮೇಲಿನ ಕೊಳೆಗಿಂತ ಆ ಕಥೆಯೇ ಹೆಚ್ಚು ಹೇಸಿಗೆಯದು. ಊರಿನ ಹಳಬರ ಮನೆಗಳಲ್ಲಿ, ಅದರಲ್ಲೂ ಹೆಂಗಸರ ಬಾಯಲ್ಲಿ ಉಳಿದುಬಂದ ಸಂಗತಿ ಬೇರೆಯೇ ಇದೆ. ಅದನ್ನು ಬರೆಯುತ್ತೇನೆ.

ಆ ಕಲ್ಲಿನ ಹಳೆಯ ಹೆಸರು ಹೊರೆಗಲ್ಲು. ಸೌದೆ, ಹುಲ್ಲು, ಎಲೆಬುಟ್ಟಿ ಹೊತ್ತು ಬಂದವರು ಇನ್ನೊಬ್ಬರ ನೆರವಿಲ್ಲದೆ ತಲೆಯ ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಳ್ಳಲೆಂದು ಯಾರೋ ಪುಣ್ಯಾತ್ಮರು ನೆಡಿಸಿದ್ದು. ಹಿಂದೆ ಒಮ್ಮೆ ಈ ಕೋಟೆಯನ್ನು ಪರದೇಶದ ದಂಡೊಂದು ಹಿಡಿಯಿತು. ಅದು ಯಾವ ದೊರೆಯ ದಂಡು ಎಂಬುದರಲ್ಲಿ ಒಮ್ಮತವಿಲ್ಲ. ಸುಲಿಗೆ ಮಾಡಲು ಬಂದವರ ವಂಶಾವಳಿ ಕಟ್ಟಿಕೊಂಡು ನಮಗೇನಾಗಬೇಕು? ಇಲ್ಲಿನ ನಾಯಕ ಕಾಳಗದಲ್ಲಿ ಸತ್ತ. ಅಳಿದುಳಿದ ಬಂಟರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಎದುರಿನ ಗುಡ್ಡದ ಕರಡಿಗವಿಯಲ್ಲಿ ಅಡಗಿದರು. ಹೆಂಡತಿಯನ್ನು ಊರಲ್ಲೇ ಬಿಟ್ಟು ಬಂದವನು ಬೋರಯ್ಯನೊಬ್ಬನೇ. ಗವಿಯಲ್ಲಿ ನೀರಿಲ್ಲ, ಕಾಳಿಲ್ಲ. ಎರಡಕ್ಕೂ ಅವರು ಸಂಜೆಗತ್ತಲಲ್ಲಿ ಕೆಳಗಿಳಿದು, ಎರಡು ಬಂಡೆಗಳ ನಡುವಿನ ಕಿರುದಾರಿ ದಾಟಿ ಬರಬೇಕಿತ್ತು. ಆ ಕಿರುದಾರಿಯೇ ಗೊಂದಿ, ಊರಿಗೆ ಹೆಸರು ಬಂದದ್ದು ಅದರಿಂದಲೇ. ದಂಡಿನ ಸರದಾರ ಒಂದು ದಿನ ಅಲ್ಲಿ ಕಾವಲು ಹಾಕುತ್ತಿದ್ದ, ಇನ್ನೊಂದು ದಿನ ಬೇರೆ ಕಡೆಗೆ ಕಳಿಸುತ್ತಿದ್ದ. ಕಾವಲು ಇರುವ ದಿನ ಇಳಿದರೆ ಸಾವು, ಇಲ್ಲದ ದಿನ ಇಳಿಯದಿದ್ದರೆ ಗವಿಯೊಳಗಿನ ಮಕ್ಕಳಿಗೆ ಹಸಿವು.

ಇದನ್ನು ತಿಳಿದುಕೊಳ್ಳುವ ಕೆಲಸಕ್ಕೆ ಒಪ್ಪಿಕೊಂಡವಳು ಬೋರಯ್ಯನ ಹೆಂಡತಿ ಗಾದ್ರವ್ವ. ಎಲೆತೋಟದವರ ಮಗಳು, ವೀಳ್ಯದೆಲೆಯ ಬುಟ್ಟಿ ಹೊತ್ತು ಕೋಟೆಯೊಳಕ್ಕೆ ಹೋಗುತ್ತಿದ್ದಳು. ಎಲೆಯ ಹದ ಅರಿತ ಅವಳ ಕೈಯ ತಾಂಬೂಲ ಸರದಾರನಿಗೆ ಹಿಡಿಸಿತು. ಬರಬರುತ್ತ ಅವನ ಪೀಕದಾನಿ ಹಿಡಿದು ಪಕ್ಕದಲ್ಲಿ ನಿಲ್ಲುವ ಊಳಿಗವೂ ಅವಳಿಗೇ ಬಂತು. ಆ ಊಳಿಗ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಗಡ್ಡದ ಮೇಲೆ ರಸ ಇಳಿಸಿಕೊಂಡು ಕೂತ ಒಬ್ಬ ಗಂಡಸು ಕತ್ತು ಕೂಡ ತಿರುಗಿಸದೆ ಉಗುಳುತ್ತಾನೆ. ಅದು ಎಲ್ಲಿ ಬೀಳುತ್ತದೋ ಅಲ್ಲಿಗೆ ಪಾತ್ರೆ ಹೋಗಬೇಕು, ತಪ್ಪಿದರೆ ಕೈ ಮೇಲೆ. ಆದರೆ ಪೀಕದಾನಿ ಹಿಡಿದವಳನ್ನು ಯಾರೂ ಮನುಷ್ಯಳೆಂದು ಎಣಿಸುವುದಿಲ್ಲ, ಅವಳ ಮುಂದೆ ಯಾವ ಮಾತನ್ನೂ ಅಡಗಿಸುವುದಿಲ್ಲ. ಕಾವಲು ಎಲ್ಲಿಗೆ, ಕುದುರೆ ಎಲ್ಲಿಗೆ, ಎಲ್ಲವೂ ಅವಳ ಕಿವಿಗೆ ಬೀಳುತ್ತಿತ್ತು. ಅದುವರೆಗೆ ಎಲೆಯನ್ನು ಬಾಯಿಗಿಡದಿದ್ದವಳು ಈಗ ಎಲೆಅಡಿಕೆ ಹಾಕಲು ಕಲಿತಳು. ಸಂಜೆ ಹೊರಬಂದು ಬುಟ್ಟಿಯನ್ನು ಹೊರೆಗಲ್ಲಿನ ಮೇಲಿಟ್ಟು, ಅಂದು ಗೊಂದಿಯಲ್ಲಿ ಕಾವಲಿಲ್ಲದಿದ್ದರೆ ಕಲ್ಲಿಗೆ ಉಗುಳಿ ಹೋಗುತ್ತಿದ್ದಳು. ಕಾವಲಿದ್ದರೆ ಬಾಯಲ್ಲಿದ್ದುದನ್ನು ನುಂಗಿಕೊಂಡು ಹೋಗುತ್ತಿದ್ದಳು. ಕಾವಲಿನವರ ಕಣ್ಣೆದುರು ನಿಂತು ಯಾರಿಗೂ ಗುಟ್ಟು ಹೇಳುವಂತಿರಲಿಲ್ಲ. ಅವಳ ಸೋದರಮಾವ ತಿಮ್ಮಣ್ಣ ಸೌದೆ ಮಾರುವವನು. ಕೋಟೆಗೆ ಸೌದೆ ಹಾಕಿ ಮರಳುವಾಗ ಅವನು ಕಲ್ಲು ನೋಡುತ್ತಿದ್ದ. ಕೆಂಪಿದ್ದರೆ ಒಂದು ಹಿಡಿ ಮಣ್ಣು ತೆಗೆದು ಉಜ್ಜಿ ಒರೆಸಿ, ಗುಡ್ಡದ ಕಾಲುದಾರಿ ಹಿಡಿದು ಗವಿಯವರಿಗೆ ಇಳಿಯಿರಿ ಎನ್ನುತ್ತಿದ್ದ. ಕಲ್ಲು ಬರಿದಾಗಿದ್ದರೆ ಸುಮ್ಮನೆ ಮನೆಗೆ ಹೋಗುತ್ತಿದ್ದ. ಈ ಗುಟ್ಟು ಗೊತ್ತಿದ್ದದ್ದು ಅವಳಿಗೆ, ಬೋರಯ್ಯನಿಗೆ, ತಿಮ್ಮಣ್ಣನಿಗೆ ಮಾತ್ರ.

ಊರು ಸುಮ್ಮನಿದ್ದೀತೇ? ಗಂಡ ಗವಿಯಲ್ಲಿ ಉಪವಾಸ ಬಿದ್ದಿರುವಾಗ ಇವಳು ಸರದಾರನ ಪಕ್ಕದಲ್ಲಿ ನಿಂತು, ಅವನೆಲೆ ತಿಂದು ಬಾಯಿ ಕೆಂಪು ಮಾಡಿಕೊಂಡು ಬರುತ್ತಾಳೆಂದು ಬಾವಿಕಟ್ಟೆಯಲ್ಲಿ ಅವಳ ಕೊಡಕ್ಕೆ ಕೊಡ ತಾಗಿಸುವುದನ್ನು ಬಿಟ್ಟರು. ಒಲೆ ಹೊತ್ತಿಸಲು ಕೆಂಡ ಕೇಳಿದರೆ ಆರಿಹೋಗಿದೆ ಎಂದರು. ನಾಲ್ಕು ಜನ ಹೊರೆಯಿಳಿಸುವ ಕಲ್ಲಿಗೆ ಉಗುಳುತ್ತಾಳಲ್ಲ, ಇವಳ ಕೊಬ್ಬು ಎಷ್ಟಿರಬೇಕು ಎಂದರು. ಸೊಸೆಯ ಎಂಜಲು ಬಳಿಯುತ್ತಾನೆಂದು ತಿಮ್ಮಣ್ಣನನ್ನೂ ಆಡಿಕೊಂಡರು. ಎಲ್ಲರಿಗಿಂತ ಗಟ್ಟಿಯಾಗಿ ಆಡಿಕೊಂಡವನು ಊರಗೌಡ ನಿಂಗಗೌಡ. ಈ ಮಹಾನುಭಾವ ದಂಡಿನ ಕುದುರೆಗಳಿಗೆ ಹುರುಳಿ, ಸರದಾರನ ಊಟಕ್ಕೆ ಕುರಿ ಗಾಡಿಗಟ್ಟಲೆ ಸಾಗಿಸುತ್ತಿದ್ದ, ಅದೂ ಊರವರ ಹಟ್ಟಿಯಿಂದ ಎಳೆತಂದ ಕುರಿ. ಅವನ ಕಡೆ ಯಾರೂ ಉಗುಳಲಿಲ್ಲ. ಉಗುಳುವುದಿರಲಿ, ಎದ್ದು ನಿಂತು ಕೈ ಮುಗಿದರು. ತಿಮ್ಮಣ್ಣ ಒಮ್ಮೆ ತಡೆಯಲಾರದೆ, "ಊರು ಏನಂತೈತೆ ಗೊತ್ತೇನವ್ವಾ?" ಎಂದು ಕೇಳಿದ್ದಕ್ಕೆ ಗಾದ್ರವ್ವ, "ಅಂದ್ಕಳ್ಲಿ ಬಿಡು ಮಾವ. ಅವ್ರು ಅಂದಷ್ಟೂ ದಂಡಿನೋರು ನನ್ನ ನಂಬ್ತಾರೆ. ಗವಿಯಾಗಿನ ಜೀವ ಉಳೀಲಿ," ಎಂದಳಂತೆ.

ಹೀಗಿರುವಾಗ ಗವಿಯವರು ಇಳಿದು ಬರುವ ವಾಸನೆ ಸರದಾರನಿಗೆ ಹತ್ತಿತು. ಕಾವಲು ತೆಗೆದಂತೆ ಮಾಡಿ, ಬಂಡೆಗಳ ಹಿಂದೆ ಆಳುಗಳನ್ನು ಅಡಗಿಸಿಡಲು ಅಪ್ಪಣೆ ಕೊಟ್ಟ. ಪೀಕದಾನಿ ಹಿಡಿದು ನಿಂತಿದ್ದ ಗಾದ್ರವ್ವ ಕೇಳಿಸಿಕೊಂಡಳು. ಅಂದು ಸಂಜೆ ಹೊರಬಂದು, ಬುಟ್ಟಿಯನ್ನು ಕಲ್ಲಿನ ಮೇಲಿಟ್ಟು ತೆಗೆದು, ಬಾಯಿ ಬಿಗಿಹಿಡಿದು ಹೊರಟುಹೋದಳು. ಹುಲ್ಲಿನ ಹೊರೆ ಹೊತ್ತು ಹಿಂದೆ ಬರುತ್ತಿದ್ದವರು ಅದನ್ನು ನೋಡಿದರು. ಅವಳು ಬಾಯಿ ಮುಚ್ಚಿ ಹೋದದ್ದು ಹಲವು ಸಂಜೆ ಇದ್ದೀತು. ಆದರೆ ಹಿಂದಿನ ದಿನವಷ್ಟೇ ಗೌಡ ಚಾವಡಿಯಲ್ಲಿ ಅವಳ ಸೊಕ್ಕು ಮುರಿಯಬೇಕೆಂದು ಗುಡುಗಿದ್ದ. ಅದರ ಸುದ್ದಿ ತಲುಪಿ ಹೆದರಿದ್ದಾಳೆ ಎಂದುಕೊಂಡರು. ಹೆದರಿದವಳ ಮೇಲೆ ಎಲ್ಲರಿಗೂ ಧೈರ್ಯ ಬರುತ್ತದಷ್ಟೆ. ಒಬ್ಬಳು ಅವಳ ಬೆನ್ನ ಹಿಂದೆ ಅದೇ ಕಲ್ಲಿಗೆ ಥೂ ಎಂದು ಉಗುಳಿದಳು. ಎಲೆತೋಟದ ಊರು, ಎಲ್ಲರ ಬಾಯಲ್ಲೂ ಎಲೆಅಡಿಕೆ. ಹಿಂದೆ ಬಂದವರು ಉಗುಳಿದರು, ಅವರ ಹಿಂದೆ ಬಂದವರೂ ಉಗುಳಿದರು. ಮಗನನ್ನು ಗವಿಯಲ್ಲಿಟ್ಟುಕೊಂಡಿದ್ದ ಹಾಲವ್ವ ಎಂಬ ಮುದುಕಿಯೂ ಉಗುಳಿದಳು. ತಿಮ್ಮಣ್ಣ ಬಂದು ನೋಡುವಾಗ ಮಬ್ಬುಗತ್ತಲು. ಕಲ್ಲು ಎಂದಿಗಿಂತ ಹೆಚ್ಚು ಕೆಂಪಾಗಿತ್ತು. ದಾರಿ ಚೆನ್ನಾಗಿ ಬಯಲಾಗಿದೆ, ಅದಕ್ಕೇ ಹುಡುಗಿ ಇಷ್ಟು ಗಟ್ಟಿಯಾಗಿ ಹೇಳಿದ್ದಾಳೆ ಎಂದುಕೊಂಡು ಆತ ಗುಡ್ಡ ಹತ್ತಿದ.

ಬೆಳಗಾದಾಗ ಗೊಂದಿಯಲ್ಲಿ ಸತ್ತವರನ್ನು ತಂದು ಹೊರೆಗಲ್ಲಿನ ಬುಡದಲ್ಲಿ ಸಾಲಾಗಿ ಮಲಗಿಸಿದ್ದರು. ಗುರುತು ಹೇಳಲೆಂದು ಊರನ್ನು ಕರೆಸಿದರು. ಅತ್ತರೆ ಸಿಕ್ಕಿಬೀಳುತ್ತೇವೆಂದು ತಾಯಂದಿರು ಅಳಲಿಲ್ಲ. ಸರದಾರ ತಾಂಬೂಲ ಜಗಿಯುತ್ತ ಬಂದ, ಹಿಂದೆ ಪೀಕದಾನಿ ಹಿಡಿದು ಗಾದ್ರವ್ವ. ಸಾಲಿನಲ್ಲಿ ಬೋರಯ್ಯನಿದ್ದ. ಅವನ ಪಕ್ಕದಲ್ಲೇ ನಿಂತು ಸರದಾರ ಉಗುಳಿದಾಗ ಅವಳು ಪಾತ್ರೆ ಮುಂದೆ ಹಿಡಿದಳು, ಒಂದು ಹನಿಯೂ ಹೊರಗೆ ಬೀಳಲಿಲ್ಲ ಎನ್ನುತ್ತಾರೆ. ಆಗಲೇ ಅವಳ ಕಣ್ಣು ಕಲ್ಲಿನ ಮೇಲೆ ಬಿತ್ತು. ಸರದಾರ ಒಳಕ್ಕೆ ತಿರುಗಿದ ಮೇಲೆ, ಸೌದೆ ಹೊರೆಯೊಡನೆ ನಿಂತಿದ್ದ ಮಾವನ ಹತ್ತಿರ ಹಾಯುವಾಗ ತಲೆಯೆತ್ತದೆ ಹೇಳಿದಳು: "ಮಾವ, ನಿನ್ನೆ ನಾನು ಉಗುಳಿರ್ಲಿಲ್ಲ."

ಪಕ್ಕದಲ್ಲಿದ್ದ ಹಾಲವ್ವನಿಗೆ ಅದು ಕೇಳಿಸಿತು. ತಿಮ್ಮಣ್ಣನ ಮುಖ ನೋಡಿದಳು, ಕಲ್ಲು ನೋಡಿದಳು, ತನ್ನ ಮಗನನ್ನು ನೋಡಿದಳು. ಎಲ್ಲ ಅರ್ಥವಾಯಿತು. ಮನೆಗೆ ಹೋಗಿ ಕೊಡ ತಂದು, ಯಾರ ಕಡೆಗೂ ನೋಡದೆ ಆ ಕಲ್ಲನ್ನು ತೊಳೆದಳು. ಮಧ್ಯಾಹ್ನದೊಳಗೆ ಊರಿಗೆಲ್ಲ ಸಂಗತಿ ತಿಳಿದಿತ್ತು. ಬಂಟರು ಮುಗಿದರೆಂದು ಸರದಾರ ಗೊಂದಿಯ ಕಾವಲನ್ನು ನಿಜವಾಗಿಯೇ ತೆಗೆಸಿದ. ಗವಿಯಲ್ಲಿ ಇನ್ನು ಉಳಿದಿದ್ದವರು ಹೆಂಗಸರು, ಮಕ್ಕಳು. ಸಂಜೆ ಗಾದ್ರವ್ವ ಹೊರಬಂದು, ಗಂಡನ ಹೆಣ ಬಿದ್ದಿದ್ದ ಜಾಗದಲ್ಲಿ ನಿಂತು, ತೊಳೆದ ಕಲ್ಲಿಗೆ ಉಗುಳಿದಳು. ಆ ಒಂದು ಸಂಜೆ ಊರು ಬಾಯಿ ಮುಚ್ಚಿಕೊಂಡಿತ್ತು. ತಿಮ್ಮಣ್ಣ ಅವರನ್ನೆಲ್ಲ ಇಳಿಸಿ ಗೊಂದಿ ದಾಟಿಸಿ ಮೂಡಣ ಸೀಮೆಯ ದಾರಿಗೆ ಹಚ್ಚಿ ತಾನೂ ಅವರೊಡನೆ ಹೋದ. ಹೊರಡುವ ಮೊದಲು ನೀನೂ ಬಾ ಎಂದು ಕರೆದರೆ ಗಾದ್ರವ್ವ ಒಪ್ಪಲಿಲ್ಲ. ಬೆಳಗ್ಗೆ ತಾನು ಊಳಿಗಕ್ಕೆ ಹೋಗದಿದ್ದರೆ ಸರದಾರನಿಗೆ ಸಂಶಯ ಬಂದು ಕುದುರೆ ಬಿಡುತ್ತಾನೆ, ಮಕ್ಕಳನ್ನು ಕಟ್ಟಿಕೊಂಡವರು ಎಷ್ಟು ದೂರ ನಡೆದಾರು ಎಂದಳು. ಬೆಳಗಾದಾಗ ಎಂದಿನಂತೆ ಎಲೆಬುಟ್ಟಿ ಹೊತ್ತು ಕೋಟೆಗೆ ಹೋದಳು. ಅದೇ ದಿನ ನಿಂಗಗೌಡ ಹುರುಳಿ ಗಾಡಿಯ ಜೊತೆಯಲ್ಲಿ ಹೋಗಿ, ತನಗೆ ತಿಳಿದುದನ್ನೆಲ್ಲ ಸರದಾರನಿಗೆ ಒಪ್ಪಿಸಿದ. ಗಾದ್ರವ್ವ ಮತ್ತೆ ಹೊರಗೆ ಬರಲಿಲ್ಲ. ಅವಳನ್ನು ಏನು ಮಾಡಿದರೆಂದು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬಣ್ಣಿಸುತ್ತಾರೆ. ಅದನ್ನು ರುಚಿ ಹಿಡಿದು ಕೇಳುವವರನ್ನು ಕಂಡಿರುವುದರಿಂದ ನಾನು ಬರೆಯುವುದಿಲ್ಲ.

ಆಮೇಲೆ ಸರದಾರ ಡಂಗುರ ಸಾರಿಸಿದ: ಈ ದಾರಿಯಲ್ಲಿ ಹಾಯುವವರೆಲ್ಲ ದ್ರೋಹಿ ಹೆಂಗಸಿನ ಕಲ್ಲಿಗೆ ಉಗುಳಿ ಹೋಗತಕ್ಕದ್ದು. ಮೊದಲು ಉಗುಳಿದವನು ನಿಂಗಗೌಡ. ಮಿಕ್ಕವರು ಕಾವಲಿನವರ ಈಟಿ ನೋಡಿ ಉಗುಳಿದರು. ಪ್ರಾಣಭಯದಿಂದ ಮಾಡಿದ್ದನ್ನು ನಾನು ತಪ್ಪೆನ್ನಲಾರೆ. ಹಾಲವ್ವ ಮಾತ್ರ ಸಾಯುವವರೆಗೂ ಆ ದಾರಿ ತುಳಿಯದೆ ಕೆರೆಯ ಏರಿ ಬಳಸಿ ಓಡಾಡಿದಳು. ಮುಂದೆ ದಂಡು ಗಂಟುಮೂಟೆ ಕಟ್ಟಿಕೊಂಡು ಹೋಯಿತು. ಅಪ್ಪಣೆ ಕೊಟ್ಟವನೂ ಇಲ್ಲ, ಈಟಿಯೂ ಇಲ್ಲ. ಉಗುಳುವುದು ಮಾತ್ರ ನಿಲ್ಲಲಿಲ್ಲ. ನನಗೆ ಅಸಹ್ಯವಾಗುವುದು ಇಲ್ಲಿ. ಯಾರಾದರೂ ಮೊದಲು ನಿಲ್ಲಿಸಿದ್ದರೆ, ಯಾಕೆ ನಿಲ್ಲಿಸಿದೆನೆಂದು ಮಕ್ಕಳಿಗೆ ಹೇಳಬೇಕಾಗುತ್ತಿತ್ತು. ಅದನ್ನು ಹೇಳಿದರೆ ಗೊಂದಿಯಲ್ಲಿ ತಮ್ಮವರನ್ನು ಕೊಲ್ಲಿಸಿದ್ದು ಯಾರ ಬಾಯಿ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಅದಕ್ಕಿಂತ ಒಬ್ಬ ರಕ್ಕಸಿಯನ್ನು ಹುಟ್ಟಿಸುವುದು ಸುಲಭವಾಯಿತು. ನಿಂಗಗೌಡನ ಗತಿಯೇನಾಯಿತೆಂದು ಕೇಳುವವರು ಕೆರೆಯ ಕೋಡಿಗೆ ಹೋಗಿ ನೋಡಬಹುದು, ಅಲ್ಲಿ ಅವನ ಹೆಸರಿನ ಮಂಟಪವಿದೆ, ವರ್ಷವರ್ಷ ಸುಣ್ಣ ಬಳಿಯುತ್ತಾರೆ.

ಯುಗಾದಿಯ ಹಿಂದಿನ ದಿನ ತಿಮ್ಮಣ್ಣನ ಮನೆತನದ ಹೆಂಗಸರು ಮೂಡಣದ ಯಾವುದೋ ಹಳ್ಳಿಯಿಂದ ಇಂದಿಗೂ ಬರುತ್ತಾರೆ. ಪೂಜೆಯಿಲ್ಲ, ಕಾಯಿ ಒಡೆಯುವುದಿಲ್ಲ. ಮಣ್ಣು ಹಾಕಿ ಕಲ್ಲನ್ನು ಉಜ್ಜುತ್ತಾರೆ, ನೀರು ಸುರಿಯುತ್ತಾರೆ, ಸ್ವಲ್ಪ ಬೂದುಬಣ್ಣ ಹೊರಗೆ ಕಾಣುತ್ತಲೇ ಸೆರಗಿನಿಂದ ಕೈ ಒರೆಸಿಕೊಂಡು ಬಸ್ಸಿಗೆ ಹೋಗುತ್ತಾರೆ. ಬೀಡಾ ಅಂಗಡಿಯವನು ಅವರನ್ನು ಹುಚ್ಚರೆನ್ನುತ್ತಾನೆ. ಬಸ್ಸು ಹೊರಡುವ ಮೊದಲೇ ಯಾರಾದರೊಬ್ಬರು ಬಾಯಿ ತುಂಬಿಕೊಂಡು ಬಂದಿರುತ್ತಾರೆ. ಕೋಟೆ ನೋಡಲು ಬರುವವರು ಕಲ್ಲಿನ ಕಡೆ ಬೆನ್ನು ಮಾಡಿ ಎದುರಿನ ಗುಡ್ಡವನ್ನು ಒಮ್ಮೆ ನೋಡಲಿ. ಕರಡಿಗವಿಯ ಬಾಯಿ ಇಲ್ಲಿಂದ ಕಪ್ಪಗೆ ಕಾಣುತ್ತದೆ, ಅದರ ಕೆಳಗೆ ಗೊಂದಿ. ಗವಿಯಲ್ಲಿ ಕಾದಿದ್ದವರಿಗೆ ಆ ಸಂಜೆ ಈ ಕಲ್ಲು ಹೇಳಬೇಕಾಗಿದ್ದದ್ದು ಒಂದೇ ಮಾತು, ಕಾವಲಿದೆ, ಇಳಿಯಬೇಡಿ ಎಂದು. ಅದನ್ನು ಹೇಳಲು ಕಲ್ಲು ಬರಿದಾಗಿ ನಿಂತಿದ್ದರೆ ಸಾಕಿತ್ತು. ಅದು ಇವತ್ತಿಗೂ ಕೆಂಪಾಗಿಯೇ ನಿಂತಿದೆ. ದಾರಿ ಬಯಲಾಗಿದೆ ಬನ್ನಿ ಎಂದು ಆ ಸತ್ತವರನ್ನು ಇನ್ನೂ ಕರೆಯುತ್ತಲೇ ಇದೆ.