ಅರವಟ್ಟಿಗೆಯವನ ಮಗಳು

"ಗುರುಗಳೇ, ಒಳ್ಳೆಯದನ್ನು ಕೊಡುವುದರಲ್ಲೂ ಅತಿ ಎಂಬುದು ಇರುತ್ತದೆಯೇ?" ಎಂದು ಮರುಳಸಿದ್ಧ ಕೇಳಿದ. ದನಿಯಲ್ಲಿ ಪ್ರಶ್ನೆಗಿಂತ ದೂರೇ ಹೆಚ್ಚಾಗಿತ್ತು. ಮಠಕ್ಕೆ ಹೊಸದಾಗಿ ಸೇರಿದ ಎಂಟು ಮಂದಿಗೆ ಪಾಠ ಹೇಳುವ ಕೆಲಸವನ್ನು ಗುರುಗಳು ಅವನಿಗೆ ವಹಿಸಿ ಒಂದು ತಿಂಗಳಾಗಿತ್ತು. ಅಷ್ಟರಲ್ಲಿ ಐವರು ಗಂಟುಮೂಟೆ ಕಟ್ಟಿದ್ದರು.

"ಹನ್ನೆರಡು ವರ್ಷ ಕಲಿತದ್ದನ್ನೆಲ್ಲ ಒಂದಿಷ್ಟೂ ಮುಚ್ಚಿಡದೆ ಧಾರೆ ಎರೆಯುತ್ತಿದ್ದೇನೆ. ಆದರೂ ಓಡಿಹೋಗುತ್ತಾರೆ."

ಗುರುಗಳು ನಕ್ಕರು. ಕೂತುಕೋ ಎಂದು ಸನ್ನೆ ಮಾಡಿ, ಹೇಳತೊಡಗಿದರು.

ಬಿಸಿಲ ಸೀಮೆಯ ಒಂದು ದಾರಿಯ ಬದಿಯಲ್ಲಿ ಒಬ್ಬ ಮನುಷ್ಯ ಪ್ರತಿ ಬೇಸಗೆಯಲ್ಲೂ ಅರವಟ್ಟಿಗೆ ಇಡುತ್ತಿದ್ದ. ದಾರಿಹೋಕರು ಚಪ್ಪರದ ನೆರಳಿಗೆ ಬಂದು ಬೊಗಸೆ ಒಡ್ಡುವರು; ಇವನು ತಂಬಿಗೆಯಿಂದ ನೀರು ಹೊಯ್ಯುವನು. ಯಾವ ಊರು, ಯಾವ ಜಾತಿ ಎಂದು ಕೇಳಿದವನಲ್ಲ. ತನ್ನ ಮುಂದೆ ಯಾರೂ ಬಾಯಾರಿ ಹೋಗಬಾರದು ಎಂಬುದೊಂದೇ ಅವನ ಹಟ. ಆ ಹಟದ ಬಗ್ಗೆ ಕೊಂಚ ಜಂಬವೂ ಇತ್ತು. ಇರಲಿ ಬಿಡು, ನೀರು ಕೊಡುವವನ ಜಂಬ ಯಾರಿಗೂ ಭಾರವಲ್ಲ.

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಅವನಿಗೊಂದು ಹೆಣ್ಣು ಮಗು ಹುಟ್ಟಿತು. ಮನುಷ್ಯ ಕುಣಿದಾಡಿಬಿಟ್ಟ. ಆ ದಿನ ಚಪ್ಪರಕ್ಕೆ ಬಂದವರಿಗೆಲ್ಲ ಬೆಲ್ಲದ ಪಾನಕ.

ಎರಡನೆಯ ದಿನ ಚಿಂತೆ ಹತ್ತಿತು. ಹೊರಗೆ ಸುಡುಬಿಸಿಲು. ತಾಯಿಯ ಎದೆಯಲ್ಲಿ ಬರುತ್ತಿದ್ದುದು ನಾಲ್ಕೇ ಹನಿ ಹಳದಿ ಹಾಲು. ಮಗುವಿನ ಕೆನ್ನೆ ಹುಟ್ಟಿದಾಗಿನಷ್ಟು ತುಂಬಿಕೊಂಡಿರಲಿಲ್ಲ. ಬಟ್ಟೆ ಒದ್ದೆ ಮಾಡಿದ್ದು ದಿನಕ್ಕೆ ಎರಡೇ ಸಲ. ಊರಿಗೆಲ್ಲ ನೀರು ಕೊಟ್ಟು ಮನೆಯ ಮಗಳನ್ನೇ ಒಣಗಿಸುತ್ತಿದ್ದೇನಲ್ಲ ಎಂದು ಪೇಚಾಡಿದ. ತಾಯಿಯ ಹಾಲು ಬಿಟ್ಟು ಬೇರೇನೂ ಕೊಡಕೂಡದೆಂದು ಸೂಲಗಿತ್ತಿ ಹೇಳಿ ಹೋಗಿದ್ದಳು. ಮುದುಕಿಯದು ಜುಗ್ಗತನ ಎಂದುಕೊಂಡ.

ಹೆಂಡತಿ ಮಲಗಿದ್ದಾಗ, ಕೂಸುಗಳಿಗೆ ಹಾಲು ಕುಡಿಸುವ ಪುಟ್ಟ ಒಳಲೆಯಲ್ಲಿ ತಣ್ಣನೆಯ ನೀರು ತುಂಬಿ ಮಗುವಿನ ಬಾಯಿಗಿಟ್ಟ. ಮಗು ಗುಟುಕರಿಸಿತು. ಅವನಿಗಾದ ಸಂತೋಷ ಹೇಳತೀರದು. ಇನ್ನೊಂದು ಒಳಲೆ, ಮತ್ತೊಂದು. ಮರುದಿನ ಬೆಳಿಗ್ಗೆಯೂ ಹಾಗೆಯೇ ಮಾಡಿದ. ಮಗು ಅಳುವುದನ್ನು ಬಿಟ್ಟಿತು. ದಾಹ ತೀರಿತು ನೋಡು ಎಂದು ಹೆಂಡತಿಯ ಮುಂದೆ ಬೀಗಿದ.

ಆದರೆ ಮಧ್ಯಾಹ್ನದ ಹೊತ್ತಿಗೆ ಮಗು ಹಾಲಿಗೂ ಬಾಯಿ ತೆರೆಯಲಿಲ್ಲ. ಮುಖ ಊದಿಕೊಂಡಿತ್ತು. ಎತ್ತಿದರೆ ಕೈಕಾಲು ಜೋತುಬೀಳುತ್ತಿದ್ದವು. ತಾಯಿ ಕಿರುಚಿಕೊಂಡಳು. ಸೂಲಗಿತ್ತಿ ಓಡಿಬಂದಳು, ಒದ್ದೆ ಒಳಲೆಯನ್ನು ಕಂಡಳು.

"ನೀರು ಕುಡಿಸಿದ್ಯಾ?"

"ಬಾಯಾರಿತ್ತು ಕಣವ್ವಾ..."

"ಬಾಯಾರೈತೆ ಅಂತ ನಿಂಗ್ಯಾರು ಹೇಳಿದ್ರು? ಒಂಬತ್ತು ತಿಂಗ್ಳು ನೀರಲ್ಲೇ ಇದ್ದ ಕೂಸು ಇದು, ಬರ್ತಾನೇ ಮೈತುಂಬ ನೀರು ಹೊತ್ಕೊಂಡು ಬಂದೈತೆ. ಅದನ್ನ ಮೊದಲ್ನೇ ನಾಕು ದಿನ ಇಷ್ಟಿಷ್ಟೇ ಹೊರಗೆ ಹಾಕ್ತದೆ. ಅದ್ಕೇ ಕೆನ್ನೆ ಇಳಿಯೋದು, ಅದೇನು ಬಡವಾಗೋದಲ್ಲ. ಇದರ ಮೂತ್ರಪಿಂಡ ಇನ್ನೂ ಎಳೇವು ಕಣಪ್ಪ, ಈಗಿನ್ನೂ ಕೆಲ್ಸ ಕಲೀತಾ ಅವೆ. ನೀನು ಹೊಯ್ದಷ್ಟನ್ನೂ ಹೊರಗೆ ಹಾಕೋಕೆ ಅವಕ್ಕೆ ಬರಾಕಿಲ್ಲ. ನೀರು ಮೈಯಲ್ಲೇ ನಿಂತು ರಕ್ತದ ಉಪ್ಪೆಲ್ಲ ತೆಳ್ಳಗಾಗ್ತದೆ. ಕೂಸಿಗೆ ಮಂಪರು ಕವಿದೈತೆ."

ಅವನು ಸೂಲಗಿತ್ತಿಯ ಕಾಲು ಹಿಡಿದ. ಹದಿನಾಲ್ಕು ವರ್ಷ ಕಾದು ಪಡೆದದ್ದನ್ನು ತನ್ನ ಕೈಯಾರೆ ಕಳೆದುಕೊಳ್ಳುತ್ತೇನೆ ಎಂದು ಅತ್ತ. "ಈಗ ನಾನೇನು ಮಾಡ್ಲಿ?"

"ಏನೂ ಮಾಡ್ಬೇಡ. ಆಚೆ ಹೋಗು."

ಏನೂ ಮಾಡದಿರುವುದು ಅವನಿಗೆ ಹುಟ್ಟಿದಂದಿನಿಂದ ಬಾರದ ಕೆಲಸ. ಒಳಗೆ ಸೂಲಗಿತ್ತಿ ಮಗುವನ್ನು ತಾಯಿಯ ಎದೆಗೆ ಅವಚಿ ಮಲಗಿಸಿ, ಹಾಲಿನ ಹನಿಯನ್ನು ಬೆರಳಿಂದ ತುಟಿಗೆ ಸವರುತ್ತಿದ್ದಳು. ಇವನು ಚಪ್ಪರಕ್ಕೆ ಹೋಗಿ ನಿಂತ. ಯಾರೋ ಒಬ್ಬ ಬೊಗಸೆ ಒಡ್ಡಿದ. ಇವನು ಹೊಯ್ದ, ಮನಸ್ಸು ಬಾಣಂತಿಯ ಕೋಣೆಯಲ್ಲೇ ಇತ್ತು. ಕುಡಿಯುವವನು ತಲೆಯಾಡಿಸಿದ, ಮುಖ ತಿರುಗಿಸಿದ, ನೀರು ಮೊಳಕೈಯಿಂದ ಇಳಿದು ಅಂಗಿಯೆಲ್ಲ ತೊಯ್ದಿತು. "ಸಾಕಣ್ಣ, ಸಾಕು! ನೀರು ಕೊಡ್ತೀಯೋ, ಜಳಕ ಮಾಡಿಸ್ತೀಯೋ?" ಎಂದು ಅವನು ಕೂಗಿಕೊಂಡ.

ಅರವಟ್ಟಿಗೆಯವನ ಕೈ ನಿಂತಿತು. ಎರಡನೆಯ ಒಳಲೆಗೇ ಮಗು ಹೀಗೆ ಮುಖ ತಿರುಗಿಸಿತ್ತು. ತಾನೇ ಗಲ್ಲ ಹಿಡಿದು ಇತ್ತ ಎಳೆದಿದ್ದ. ಮುಖ ನೋಡಿರಲಿಲ್ಲ, ಒಳಲೆ ಖಾಲಿಯಾಯಿತೇ ಎಂದಷ್ಟೇ ನೋಡಿದ್ದ.

ಹೊತ್ತು ಇಳಿಯಿತು. ಒಳಗಿನಿಂದ ಒಂದು ಅಳು ಕೇಳಿತು. ಸಣ್ಣದಲ್ಲ, ಚಪ್ಪರ ಹಾರಿಹೋಗುವಂಥ ಅಳು. ಓಡಿಹೋದರೆ ಮಗು ಎದೆಗೆ ಬಾಯಿ ಹಾಕಿ, ಯಾರೋ ಕಸಿದುಕೊಳ್ಳುತ್ತಾರೆಂಬಂತೆ ಚೀಪುತ್ತಿತ್ತು. ಕುಡಿದು ತಾನಾಗಿಯೇ ಬಾಯಿ ಬಿಟ್ಟಿತು. ಅವನು ಹತ್ತಿರ ಹೋಗಲಿಲ್ಲ, ದೂರದಿಂದಲೇ ಕೈಮುಗಿದ.

ಮರುದಿನ ಬೆಳಿಗ್ಗೆ ಸೂಲಗಿತ್ತಿ ಮಗುವನ್ನು ಅವನ ತೊಡೆಯ ಮೇಲಿಟ್ಟಳು. ಇಟ್ಟ ಗಳಿಗೆಯಲ್ಲೇ ಬೆಚ್ಚಗಾಯಿತು. ಪಂಚೆ ತೊಯ್ದು, ಮಗುವಿನ ಮೈಯಲ್ಲಿ ನಿಂತಿದ್ದ ನೀರು ನೆಲಕ್ಕೆ ಇಳಿಯಿತು. ಸೂಲಗಿತ್ತಿ ಬೊಚ್ಚುಬಾಯಿ ತೆರೆದು ನಕ್ಕಳು. ಮನುಷ್ಯ ಅದೇ ಒದ್ದೆ ಪಂಚೆಯಲ್ಲಿ ದಾರಿಗೆ ಓಡಿ, "ಉಚ್ಚೆ ಹೊಯ್ದಳು! ನನ್ನ ಮಗಳು ಉಚ್ಚೆ ಹೊಯ್ದಳು!" ಎಂದು ಸಾರಿದ. ಸಂತೆಗೆ ಹೊರಟಿದ್ದವರೆಲ್ಲ ಗಾಡಿ ನಿಲ್ಲಿಸಿ ನಕ್ಕರು. ಅಂಥ ಸುದ್ದಿ ಅದುವರೆಗೆ ಆ ದಾರಿಯಲ್ಲಿ ಯಾರೂ ಸಾರಿರಲಿಲ್ಲ.

ಮರುಳಸಿದ್ಧನೂ ಹೊಟ್ಟೆ ಹಿಡಿದುಕೊಂಡು ನಕ್ಕ. ದೂರು ಹೇಳಲು ಬಂದದ್ದೇ ಮರೆತಿತ್ತು. ಗುರುಗಳೂ ಜೊತೆಗೂಡಿ ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದರು:

"ಆ ಐವರಲ್ಲಿ ಮೊದಲು ಮುಖ ತಿರುಗಿಸಿದವನು ಯಾರು?"

ಮರುಳಸಿದ್ಧ ಆ ಐವರನ್ನು ನೆನೆದುಕೊಂಡ. ದಿನಕ್ಕೆ ಎಷ್ಟು ಪಾಠ ಮುಗಿಯಿತೆಂಬುದು ನೆನಪಿತ್ತು, ಯಾರ ಮುಖವೂ ನೆನಪಿಗೆ ಬರಲಿಲ್ಲ.